ಕಟ್ಟಿದಷ್ಟು ಮತ್ತೆ ಸಿಗುವ ಸಾಲ: ಕ್ರೆಡಿಟ್ ಕಾರ್ಡ್, ಓಡಿ, ಸಿಸಿ ಖಾತೆ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳ್ಳಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರಿಗೆ ಈ ಸಾಲ ಹೊಸದೇನಲ್ಲ. ತಿಂಗಳಿಡೀ ಅಕ್ಕಿ, ಬೇಳೆ, ಎಣ್ಣೆ ಬರೆಸಿ ತರುತ್ತೇವೆ. ಸಂಬಳ ಬಂದಾಗಲೋ ಅಡಿಕೆ ಮಾರಿದಾಗಲೋ ಕಟ್ಟುತ್ತೇವೆ. ಮರುದಿನದಿಂದ ಮತ್ತೆ ಬರೆಸುತ್ತೇವೆ. ಪ್ರತಿ ಸಲ ಹೊಸದಾಗಿ ಸಾಲ ಕೇಳಬೇಕಾಗಿಲ್ಲ. ಆದರೆ ಬಾಕಿ ಏರುತ್ತಾ ಹೋದರೆ ಅಂಗಡಿಯವನು, "ಹಳೇದು ಸ್ವಲ್ಪ ಚುಕ್ತಾ ಮಾಡಿ ಸಾರ್" ಅನ್ನುತ್ತಾನೆ.

ಬ್ಯಾಂಕು ಇದನ್ನೇ ಲಿಮಿಟ್, ಬಡ್ಡಿ, ಕಾಗದಪತ್ರ ಸೇರಿಸಿ ಕೊಟ್ಟರೆ ಅದು ರಿವಾಲ್ವಿಂಗ್ ಕ್ರೆಡಿಟ್. ಮನೆ ಸಾಲ, ವಾಹನ ಸಾಲದಲ್ಲಿ ಹಣ ಒಮ್ಮೆಗೆ ಬರುತ್ತದೆ, ಕಂತು ಕಟ್ಟುತ್ತಾ ಹೋದರೆ ಒಂದು ದಿನ ತೀರುತ್ತದೆ. ಕಟ್ಟಿದ ಕಂತು ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ. 1 ಲಕ್ಷದ ಲಿಮಿಟ್‌ನಲ್ಲಿ 30,000 ಬಳಸಿದರೆ 70,000 ಉಳಿಯಿತು. 20,000 ಕಟ್ಟಿದರೆ ಮತ್ತೆ 90,000 ಬಳಸಬಹುದು. ಬಡ್ಡಿ ಬೀಳುವುದು ಬಳಸಿದ ಹಣಕ್ಕೆ, ಬಳಸಿದಷ್ಟು ದಿನಕ್ಕೆ.

ಆ ಕೊನೆಯ ಮಾತಿನಲ್ಲೇ ಇಡೀ ವಿಷಯ ಇದೆ. ನಾನು ಅಂಗಡಿಗಳ ಲೆಕ್ಕ ಬರೆಯುವವನು. ಒಂದೇ ಬ್ಯಾಂಕು, ಒಂದೇ ದರ, ಒಂದೇ ಲಿಮಿಟ್ ಇರುವ ಇಬ್ಬರು ಕಟ್ಟುವ ಬಡ್ಡಿಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಇರುತ್ತದೆ. ಜನ ದರಕ್ಕೆ ಚೌಕಾಸಿ ಮಾಡುತ್ತಾರೆ, ದಿನಗಳನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಬಾಕಿ ಏರಿ ಇಳಿಯುತ್ತಿದ್ದರೆ ಈ ಸಾಲ ಅಗ್ಗ, ಅನುಕೂಲ. ಏರಿದ್ದು ಅಲ್ಲೇ ನಿಂತರೆ ಇದರಷ್ಟು ದುಬಾರಿ ಇನ್ನೊಂದಿಲ್ಲ, ಅದರಲ್ಲೂ ಕಾರ್ಡಿನಲ್ಲಿ.

ಹೆಜ್ಜೆ 1: ನಿಮ್ಮ ಹತ್ತಿರ ಇರುವುದು ಯಾವುದು ಅಂತ ನೋಡಿ

ಕ್ರೆಡಿಟ್ ಕಾರ್ಡ್ ಎಲ್ಲರಿಗೂ ಗೊತ್ತು. ಅದಕ್ಕೆ ಅಡಮಾನ ಇಲ್ಲ, ಅದಕ್ಕೇ ದರ ಜಾಸ್ತಿ. ಎಫ್‌ಡಿ ಮೇಲಿನ ಓವರ್‌ಡ್ರಾಫ್ಟ್, ಅಂದರೆ ಓಡಿ, ಇದಕ್ಕೆ ಪೂರ್ತಿ ಉಲ್ಟಾ. ನಿಮ್ಮದೇ ಠೇವಣಿ ಬ್ಯಾಂಕಿನಲ್ಲಿ ಇರುವುದರಿಂದ ಎಫ್‌ಡಿ ಬಡ್ಡಿಗಿಂತ ಸಾಮಾನ್ಯವಾಗಿ ಶೇ 1ರಿಂದ 2 ಜಾಸ್ತಿ ಅಷ್ಟೇ. ಚಿನ್ನದ ಮೇಲೂ ಓಡಿ ಸಿಗುತ್ತದೆ. ಜನಧನ್ ಖಾತೆಯಲ್ಲಿ ಅರ್ಹರಿಗೆ 10,000 ರೂಪಾಯಿವರೆಗೆ ಓಡಿ ಇದೆ. ಕೇಳುವವರೇ ಕಡಿಮೆ.

ವ್ಯಾಪಾರಸ್ಥರಿಗೆ ಕ್ಯಾಶ್ ಕ್ರೆಡಿಟ್, ಎಲ್ಲರ ಬಾಯಲ್ಲಿ ಸಿಸಿ. ಅಂಗಡಿಯ ಸರಕು ಮತ್ತು ಬರಬೇಕಾದ ಬಾಕಿಯ ಆಧಾರದ ಮೇಲೆ ಕೊಡುವ ಲಿಮಿಟ್ ಇದು. ರೈತರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್. 1998ರಲ್ಲಿ ಶುರುವಾದ ಇದರ ಬೆಳೆ ಸಾಲದ ಭಾಗವೂ ಇದೇ ಜಾತಿಯದ್ದು. ಇತ್ತೀಚೆಗೆ ಯುಪಿಐ ಆ್ಯಪ್‌ಗೆ ಜೋಡಿಸುವ ಕ್ರೆಡಿಟ್ ಲೈನ್ ಕೂಡ ಬಂದಿದೆ. 2023ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ದಾರಿ ಮಾಡಿಕೊಟ್ಟಿತು. ಸ್ಕ್ಯಾನ್ ಮಾಡುವಾಗ ನಮ್ಮ ಉಳಿತಾಯ ಖಾತೆಯಿಂದ ಹೋಯಿತೋ ಸಾಲದಿಂದ ಹೋಯಿತೋ ಅಂತ ಒಮ್ಮೆ ನೋಡಿಕೊಳ್ಳಿ. ಗೊತ್ತಾಗದೇ ಸಾಲದಲ್ಲಿ ಟೀ ಕುಡಿದವರಿದ್ದಾರೆ.

ಹೆಜ್ಜೆ 2: ಕಾರ್ಡಿನ ಎರಡು ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಿ

ಒಂದು ಬಿಲ್ ತಯಾರಾಗುವ ದಿನ, ಇನ್ನೊಂದು ಕಟ್ಟಲು ಕೊನೆಯ ದಿನ. ಬಿಲ್ ಪ್ರತಿ ತಿಂಗಳು 10ಕ್ಕೆ, ಕಟ್ಟುವ ಕೊನೆಯ ದಿನ 30 ಅಂತಿಟ್ಟುಕೊಳ್ಳಿ. ಜೂನ್ 11ರಂದು ಕೊಂಡ ವಸ್ತು ಜುಲೈ 10ರ ಬಿಲ್ಲಿಗೆ ಬರುತ್ತದೆ, ಜುಲೈ 30ರೊಳಗೆ ಕಟ್ಟಿದರೆ ಸಾಕು. ಹತ್ತಿರ ಹತ್ತಿರ 50 ದಿನ ಬಡ್ಡಿ ಇಲ್ಲ. ಅದೇ ಜುಲೈ 9ಕ್ಕೆ ಕೊಂಡರೆ ಮೂರು ವಾರ ಮಾತ್ರ. ದೊಡ್ಡ ಖರೀದಿ ಇದ್ದರೆ ಬಿಲ್ ಆದ ಮರುದಿನ ಮಾಡುವುದು ಜಾಣತನ.

ನಿಮ್ಮ ಸಂಬಳ 1ನೇ ತಾರೀಖು ಬಂದು, ಕಟ್ಟುವ ದಿನ 28 ಆಗಿದ್ದರೆ ತಿಂಗಳ ಕೊನೆಯಲ್ಲಿ ಒದ್ದಾಟ ಗ್ಯಾರಂಟಿ. ಬಿಲ್ಲಿಂಗ್ ಸೈಕಲ್ ಬದಲಿಸಿಕೊಡಿ ಅಂತ ಕೇಳಿ. ಕನಿಷ್ಠ ಒಂದು ಸಲ ಬದಲಿಸುವ ಅವಕಾಶ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಆಮೇಲೆ ಆಟೋ ಪೇ ಹಾಕಿ. ಹಾಕುವಾಗ "ಒಟ್ಟು ಬಾಕಿ" ಆರಿಸಿ. ಅಲ್ಲಿ "ಕನಿಷ್ಠ ಬಾಕಿ" ಅನ್ನುವ ಇನ್ನೊಂದು ಆಯ್ಕೆ ಇರುತ್ತದೆ. ಅದರ ಕಥೆ ಕೇಳಿ.

ಹೆಜ್ಜೆ 3: ಕನಿಷ್ಠ ಬಾಕಿ ಕಟ್ಟಿದರೆ ಏನಾಗುತ್ತದೆ ಅಂತ ಪೆನ್ನು ಹಿಡಿದು ಲೆಕ್ಕ ಹಾಕಿ

ಜೂನ್ 15ರಂದು 40,000 ರೂಪಾಯಿಯ ಫ್ರಿಜ್ ಕಾರ್ಡಿನಲ್ಲಿ ತಗೊಂಡಿರಿ. ಜುಲೈ 10ಕ್ಕೆ ಬಿಲ್ ಬಂತು. ಒಟ್ಟು ಬಾಕಿ 40,000. ಕೆಳಗೆ ಕನಿಷ್ಠ ಬಾಕಿ 2,000 ಅಂತ ಇದೆ, ಅಂದರೆ ಶೇ 5. ಈ ತಿಂಗಳು ಕೈ ಬಿಗಿ. ಸರಿ, ಜುಲೈ 30ಕ್ಕೆ 2,000 ಕಟ್ಟಿದಿರಿ. ಲೇಟ್ ಫೀ ಬೀಳಲಿಲ್ಲ. ನಮ್ಮ ಸಾಲದ ಇತಿಹಾಸ ಇಡುವ ಸಂಸ್ಥೆ ಸಿಬಿಲ್‌ನಲ್ಲಿ ಡೀಫಾಲ್ಟ್ ಆಗಲಿಲ್ಲ. ಬ್ಯಾಂಕಿನವರು ಫೋನೂ ಮಾಡಲಿಲ್ಲ. ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ?

ಈಗ ಆಗಸ್ಟ್ 10ರ ಬಿಲ್ ನೋಡೋಣ. ದರ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಇದು ನಮ್ಮಲ್ಲಿ ಬಹಳ ಕಾರ್ಡುಗಳ ಮಾಮೂಲಿ ದರ. ಕಟ್ಟದೇ ಉಳಿದ 38,000ಕ್ಕೆ ಮಾತ್ರ ಬಡ್ಡಿ ಹಾಕಿದರು ಅಂತಲೇ ಇಟ್ಟುಕೊಳ್ಳಿ. ಆದರೆ ಎಣಿಕೆ ಶುರುವಾಗುವುದು ಜುಲೈ 30ರಿಂದಲ್ಲ, ಫ್ರಿಜ್ ಕೊಂಡ ಜೂನ್ 15ರಿಂದ. ಬಾಕಿ ಉಳಿಸಿಕೊಂಡ ಕೂಡಲೇ ಬಡ್ಡಿಯಿಲ್ಲದ ಅವಧಿ ರದ್ದು. ಜೂನ್‌ನಲ್ಲಿ 16 ದಿನ, ಜುಲೈಯಲ್ಲಿ 31, ಆಗಸ್ಟ್‌ನಲ್ಲಿ 10. ಒಟ್ಟು 57 ದಿನ.

38,000 × ಶೇ 42 × 57 ÷ 365 = 2,492 ರೂಪಾಯಿ. ಇದರ ಮೇಲೆ ಶೇ 18 ಜಿಎಸ್‌ಟಿ, 449 ರೂಪಾಯಿ. ಎರಡೂ ಸೇರಿ 2,941.

ಹೊಸ ಬಾಕಿ 40,941. 2,000 ಕಟ್ಟಿದ ಮೇಲೆ ಮೊದಲಿಗಿಂತ 941 ರೂಪಾಯಿ ಜಾಸ್ತಿ ಸಾಲ! ಇದೇ 40,000ವನ್ನು ಶೇ 14ರ ಪರ್ಸನಲ್ ಲೋನ್ ತಗೊಂಡು 12 ಕಂತಿನಲ್ಲಿ ತೀರಿಸಿದ್ದರೆ ಇಡೀ ವರ್ಷದ ಬಡ್ಡಿ ಸುಮಾರು 3,100. ಕಾರ್ಡು ಹೆಚ್ಚುಕಡಿಮೆ ಅಷ್ಟನ್ನು ಎರಡು ತಿಂಗಳೊಳಗೆ ತಿಂದಿತು. ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿದರೆ ಶೇ 42 ಅನ್ನುವುದು ನಿಜಕ್ಕೂ ಶೇ 49.5 ದಾಟುತ್ತದೆ. ಬಿಲ್ಲಿನಲ್ಲಿ ಈ ಸಂಖ್ಯೆ ದಪ್ಪ ಅಕ್ಷರದಲ್ಲಿ ಇರುವುದಿಲ್ಲ.

ಮುಂದಿನ ತಿಂಗಳು ಕನಿಷ್ಠ ಬಾಕಿಯೂ ಏರುತ್ತದೆ. ಕನಿಷ್ಠ ಬಾಕಿ ಕಟ್ಟುತ್ತಾ ಹೋದವರ ಸಾಲ ಬೆಳೆಯುತ್ತಲೇ ಹೋಗುವಂತೆ ಲೆಕ್ಕ ಇಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಹಾಗಾಗಿ ಬಡ್ಡಿ, ತೆರಿಗೆ ಪೂರ್ತಿ ಮತ್ತು ಅಸಲಿನ ಒಂದು ಚೂರು ಸೇರಿಸಿ ಕೇಳುವುದು ಈಗ ವಾಡಿಕೆ. ಸಾಲ ಇಳಿಯುತ್ತದೆ ನಿಜ, ಆದರೆ ಆಮೆ ವೇಗದಲ್ಲಿ.

ಇನ್ನೊಂದು ಏಟು ಬಹಳ ಜನರಿಗೆ ಗೊತ್ತಿಲ್ಲ. ಹಳೆ ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ 1,500 ರೂಪಾಯಿಯ ದಿನಸಿ ತಂದರೆ, ಆ 1,500ಕ್ಕೂ ತಂದ ದಿನದಿಂದಲೇ ಬಡ್ಡಿ. ಹಳೆಯದು ಪೂರ್ತಿ ತೀರುವವರೆಗೆ ಹೊಸ ಖರೀದಿಗೆ 50 ದಿನದ ಸೌಲಭ್ಯ ಇಲ್ಲ.

ಈ ದರಕ್ಕೆ ಕಡಿವಾಣ ಇಲ್ಲವಾ ಅಂತ ಕೇಳಬಹುದು. ಶೇ 30ಕ್ಕಿಂತ ಜಾಸ್ತಿ ಬಡ್ಡಿ ಅನುಚಿತ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಲ್ಲಿಗೆ ನಮ್ಮ ರಕ್ಷಣೆ ನಮ್ಮ ಲೆಕ್ಕದಲ್ಲೇ ಇದೆ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೆಗೆದ ಕೂಡಲೇ ಶುಲ್ಕ, ತೆಗೆದ ದಿನದಿಂದ ಬಡ್ಡಿ. ಬೇಡ.

ಹೆಜ್ಜೆ 4: ಈಗಾಗಲೇ ಸಿಕ್ಕಿಬಿದ್ದಿದ್ದರೆ

ಮೊದಲು ಆ ಕಾರ್ಡ್ ಬಳಸುವುದು ನಿಲ್ಲಿಸಿ. ಪರ್ಸ್‌ನಿಂದ ತೆಗೆದಿಡಿ. ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರುವುದನ್ನೂ ಅಳಿಸಿ, ಇಲ್ಲದಿದ್ದರೆ ಬೆರಳು ಕೇಳುವುದಿಲ್ಲ.

ಆಮೇಲೆ ಶೇ 42ರ ಸಾಲವನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಿ. ನಾನು ನೋಡುವ ಕ್ರಮ ಹೀಗೆ. ಮನೆಯಲ್ಲಿ ಎಫ್‌ಡಿ ಇದೆಯಾ? ಅದರ ಮೇಲೆ ಓಡಿ ಮಾಡಿಸಿ ಕಾರ್ಡ್ ತೀರಿಸಿ. "ಎಫ್‌ಡಿ ಮುಟ್ಟಬಾರದು" ಅಂತ ಒಂದು ಕಡೆ ಶೇ 7 ಗಳಿಸಿ ಇನ್ನೊಂದು ಕಡೆ ಶೇ 42 ಕಟ್ಟುವ ಮನೆಗಳು ಬೇಕಾದಷ್ಟಿವೆ. ಎಫ್‌ಡಿ ಇಲ್ಲದಿದ್ದರೆ ಬ್ಯಾಂಕಿನ ಅಥವಾ ಸೊಸೈಟಿಯ ಚಿನ್ನದ ಸಾಲ. ಅದೂ ಆಗದಿದ್ದರೆ ಪರ್ಸನಲ್ ಲೋನ್. ಕೊನೆಯದಾಗಿ, ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಕಾರ್ಡ್ ಕಂಪನಿಗೇ ಕೇಳಿ. ಪ್ರೊಸೆಸಿಂಗ್ ಫೀ ಮತ್ತು ಬಡ್ಡಿಯ ಮೇಲೆ ಜಿಎಸ್‌ಟಿ ಇರುತ್ತದೆ. ಆದರೂ ಸುಮ್ನೆ ಬಾಕಿ ಎಳೆಯುವುದಕ್ಕಿಂತ ಎಷ್ಟೋ ವಾಸಿ.

ಎರಡು ಮೂರು ಕಾರ್ಡ್ ಇದ್ದರೆ, ಎಲ್ಲದಕ್ಕೂ ಕನಿಷ್ಠ ಬಾಕಿ ತಪ್ಪದೆ ಕಟ್ಟಿ, ಉಳಿದ ಹಣವನ್ನೆಲ್ಲ ದರ ಜಾಸ್ತಿ ಇರುವ ಕಾರ್ಡಿಗೆ ಸುರಿಯಿರಿ. ಒಂದು ಕಾರ್ಡಿನಿಂದ ಇನ್ನೊಂದನ್ನು ತೀರಿಸುವ ಆಟ ಬೇಡ. ಕಾರ್ಡ್ ಸ್ವೈಪ್ ಮಾಡಿ ಕಮಿಷನ್ ಹಿಡಿದು ನಗದು ಕೊಡುವವರ ಹತ್ತಿರ ಅಂತೂ ಹೋಗಲೇಬೇಡಿ.

ಕೊನೆಯ ದಿನ ಮರೆತುಹೋದರೆ ಗಾಬರಿಯಾಗಬೇಡಿ. ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ಲೇಟ್ ಫೀ ಹಾಕಿ ಸಿಬಿಲ್‌ನಂಥ ಸಂಸ್ಥೆಗೆ ವರದಿ ಮಾಡಬಹುದು. ಬೆಳಿಗ್ಗೆ ನೆನಪಾದ ಕೂಡಲೇ ಕಟ್ಟಿಬಿಡಿ.

ಸಿಬಿಲ್ ಸ್ಕೋರ್ ಬಗ್ಗೆ ಒಂದು ಮಾತು. ಲಿಮಿಟ್‌ನಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನುವುದೂ ಸ್ಕೋರಿಗೆ ಲೆಕ್ಕ. ಶೇ 30ರೊಳಗೆ ಇರಲಿ ಅನ್ನುವುದು ರೂಢಿಯ ಮಾತು. ನೀವು ಪೂರ್ತಿ ಕಟ್ಟುವವರಾದರೂ ಬಿಲ್ ದಿನ ಇದ್ದ ಬಾಕಿ ವರದಿಗೆ ಹೋಗಬಹುದು. ಮನೆ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಬಿಲ್ ಆಗುವ ಮೊದಲೇ ಒಂದಷ್ಟು ಕಟ್ಟಿ ಇಳಿಸಿಡಿ.

ಹೆಜ್ಜೆ 5: ಅಂಗಡಿಗೆ ಎಷ್ಟು ಲಿಮಿಟ್ ಬೇಕು?

ಇಲ್ಲಿಂದ ವ್ಯಾಪಾರದ ಕಡೆ. ಸರಕು ಕೊಳ್ಳಲು ಇವತ್ತು ಹಣ ಬೇಕು, ಮಾರಿ ಹಣ ಬರಲು ಎರಡು ತಿಂಗಳು ಬೇಕು. ಆ ನಡುವಿನ ಸಂದಿಗೆ ಸಿಸಿ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ ಇದಕ್ಕೆ ಒಳ್ಳೆ ಉದಾಹರಣೆ. ವರ್ಷದ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಗೆ ಕೆಂಪು ರಾಶಿ ಬರುತ್ತದೆ. ವ್ಯಾಪಾರಿ ಆಗ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾನೆ, ಸಿಸಿ ಬಾಕಿ ಮೇಲಕ್ಕೆ ಹೋಗುತ್ತದೆ. ಮುಂದಿನ ತಿಂಗಳುಗಳಲ್ಲಿ ಮಾರುತ್ತಾ ಹೋದ ಹಾಗೆ ಬಾಕಿ ಇಳಿಯುತ್ತದೆ. ಬ್ಯಾಂಕ್ ಮ್ಯಾನೇಜರ್‌ಗೆ ಬೇಕಾದ ಚಿತ್ರ ಇದೇ.

ಸಣ್ಣ ವ್ಯಾಪಾರಕ್ಕೆ ಲಿಮಿಟ್ ನಿಗದಿ ಮಾಡಲು ಬ್ಯಾಂಕುಗಳು ವಹಿವಾಟಿನ ಲೆಕ್ಕ ಹಿಡಿಯುತ್ತವೆ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಶಿಫಾರಸಿನಿಂದ ಬಂದ ಪದ್ಧತಿ ಇದು. ವರ್ಷದ ಅಂದಾಜು ಮಾರಾಟದ ಶೇ 25 ದುಡಿಯುವ ಬಂಡವಾಳ ಬೇಕು ಅಂತ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಮಾರಾಟದ ಶೇ 20ರಷ್ಟು ಬ್ಯಾಂಕ್ ಕೊಡುತ್ತದೆ, ಶೇ 5ರಷ್ಟು ನಿಮ್ಮ ಕೈಯಿಂದ.

ದಾವಣಗೆರೆಯ ಒಬ್ಬ ಬಟ್ಟೆ ವ್ಯಾಪಾರಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 1.5 ಕೋಟಿ ಮಾರಾಟ. ಲಿಮಿಟ್ 30 ಲಕ್ಷ, ಸ್ವಂತ ಹಣ 7.5 ಲಕ್ಷ. ಈ 1.5 ಕೋಟಿ ಸುಮ್ನೆ ಬಾಯಿಮಾತಲ್ಲಿ ನಡೆಯುವುದಿಲ್ಲ. ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ವರ್ಷಗಳ ಐಟಿ ರಿಟರ್ನ್ ಎಲ್ಲ ತಾಳೆ ನೋಡುತ್ತಾರೆ. ಬಿಲ್ ಇಲ್ಲದೆ ಮಾರಿದ್ದು ಲಿಮಿಟ್ ಕೇಳುವಾಗ ಲೆಕ್ಕಕ್ಕೆ ಬರುವುದಿಲ್ಲ. ಅಡಮಾನಕ್ಕೆ ಆಸ್ತಿ ಇಲ್ಲದವರು, ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ಗ್ಯಾರಂಟಿ ಯೋಜನೆ ಬಗ್ಗೆ ಕೇಳಿ. ಅದಕ್ಕೆ ಶುಲ್ಕ ಇದೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಮಾತ್ರ ಒಂದು ಪೈಸೆಯೂ ಇಲ್ಲ, ಏಜೆಂಟರಿಗೆ ಸಾವಿರಾರು ಕೊಡಬೇಡಿ.

ಹೆಜ್ಜೆ 6: ಡಿಪಿ ಲೆಕ್ಕ ಕಲಿಯಿರಿ

ಲಿಮಿಟ್ 30 ಲಕ್ಷ ಅಂದ ಮಾತ್ರಕ್ಕೆ 30 ಲಕ್ಷ ತೆಗೆಯಲು ಆಗುವುದಿಲ್ಲ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕ್ ಡ್ರಾಯಿಂಗ್ ಪವರ್ (ಡಿಪಿ), ಅಂದರೆ ಆಗ ತೆಗೆಯಬಹುದಾದ ಮೊತ್ತ, ಲೆಕ್ಕ ಹಾಕುತ್ತದೆ. ಡಿಪಿ ಮತ್ತು ಲಿಮಿಟ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಿಮಗೆ.

ನಮ್ಮ ಬಟ್ಟೆ ಅಂಗಡಿಯಲ್ಲಿ 36 ಲಕ್ಷದ ಸರಕಿದೆ. ಅದರಲ್ಲಿ 6 ಲಕ್ಷದ್ದು ಸೂರತ್ತಿನ ಪಾರ್ಟಿಗೆ ಇನ್ನೂ ಹಣ ಕೊಟ್ಟಿಲ್ಲ. ಆ 6 ಲಕ್ಷ ಬಿಟ್ಟು, ನಿಮ್ಮ ಹಣದ ಸರಕು 30 ಲಕ್ಷ. ಅದರಲ್ಲಿ ಮಾರ್ಜಿನ್, ಅಂದರೆ ನೀವೇ ಹಾಕಬೇಕಾದ ಪಾಲು, ಶೇ 25 ಕಳೆದರೆ 22.5 ಲಕ್ಷ. ಇನ್ನು ಗಿರಾಕಿಗಳಿಂದ ಬರಬೇಕಾದ್ದು 14 ಲಕ್ಷ. ಅದರಲ್ಲಿ 4 ಲಕ್ಷ 90 ದಿನ ದಾಟಿದ ಹಳೆ ಬಾಕಿ, ಅದನ್ನು ಬ್ಯಾಂಕು ಒಪ್ಪುವುದಿಲ್ಲ. ಉಳಿದ 10 ಲಕ್ಷದಲ್ಲಿ ಶೇ 40 ಮಾರ್ಜಿನ್ ಕಳೆದರೆ 6 ಲಕ್ಷ. ಒಟ್ಟು ಡಿಪಿ 28.5 ಲಕ್ಷ. ಮಾರ್ಜಿನ್ ಮತ್ತು ದಿನಗಳು ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದಿರುತ್ತದೆ, ಓದಿ.

ಈ ಲೆಕ್ಕದಲ್ಲಿ ಒಂದು ಪಾಠ ಇದೆ. ವಸೂಲಾಗದ ಬಾಕಿ ನಿಮಗೆ ಎರಡು ಕಡೆ ಹೊಡೆಯುತ್ತದೆ. ಹಣವೂ ಬರಲಿಲ್ಲ, ಅದರ ಮೇಲೆ ಸಾಲವೂ ಸಿಗಲಿಲ್ಲ. ಮದುವೆ ಸೀಸನ್ನಿನಲ್ಲಿ ಉದ್ರಿ ಕೊಟ್ಟು ಆಷಾಢದಲ್ಲಿ ಪರದಾಡುವ ಅಂಗಡಿಗಳ ಸಮಸ್ಯೆ ಬಹಳ ಸಲ ಇಷ್ಟೇ.

ಸ್ಟಾಕ್ ಸ್ಟೇಟ್‌ಮೆಂಟನ್ನು ತಿಂಗಳ ಮೊದಲ ವಾರದಲ್ಲೇ ಕೊಡಿ. ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲೆ ತೆಗೆದ ಹಣವನ್ನು ಅನಿಯಮಿತ ಅಂತ ಪರಿಗಣಿಸುತ್ತಾರೆ. ಹಿಂದಿನ ತಿಂಗಳಿನದನ್ನೇ ಎರಡು ಸಂಖ್ಯೆ ತಿದ್ದಿ ಕೊಡುವ ಅಭ್ಯಾಸ ಬಿಡಿ. ಆಡಿಟ್‌ನಲ್ಲಿ ಮಾರ್ಚ್ 31ರ ಸ್ಟಾಕ್ ಒಂದಾಗಿ, ಬ್ಯಾಂಕಿಗೆ ಕೊಟ್ಟಿದ್ದು ಇನ್ನೊಂದಾದರೆ ಉತ್ತರ ಕೊಡುವುದು ಕಷ್ಟ. ಸರಕಿನ ವಿಮೆ ಸಾಕಷ್ಟು ಇದೆಯಾ ಅಂತಲೂ ನೋಡಿ. 36 ಲಕ್ಷದ ಸರಕಿಗೆ 15 ಲಕ್ಷದ ವಿಮೆ ಮಾಡಿಸಿದ್ದರೆ, ಶಾರ್ಟ್ ಸರ್ಕಿಟ್ ಆದ ದಿನ ಕ್ಲೈಮ್ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು.

ಹೆಜ್ಜೆ 7: ದಿನದ ಹಣ ಅಂದೇ ಸಿಸಿಗೆ

ಸಿಸಿ ಬಡ್ಡಿ ಪ್ರತಿ ದಿನದ ಕೊನೆಯ ಬಾಕಿಯ ಮೇಲೆ ಲೆಕ್ಕವಾಗಿ ತಿಂಗಳ ಕೊನೆಗೆ ಖಾತೆಗೆ ಬೀಳುತ್ತದೆ. ಶೇ 10ರ ದರ ಇಟ್ಟುಕೊಳ್ಳೋಣ. 30 ದಿನವೂ ಬಾಕಿ 25 ಲಕ್ಷದಲ್ಲೇ ನಿಂತರೆ ಆ ತಿಂಗಳ ಬಡ್ಡಿ 20,548. ಹತ್ತು ದಿನ 25 ಲಕ್ಷ ಇದ್ದು, ವಸೂಲಿ ಬಂದು ಉಳಿದ 20 ದಿನ 12 ಲಕ್ಷಕ್ಕೆ ಇಳಿದರೆ 13,425. ಏಳು ಸಾವಿರ ಉಳಿಯಿತು.

ಅಂಗಡಿ ಕೌಂಟರ್ ಮೇಲೆ ಇಟ್ಟಿರುವ ಕ್ಯುಆರ್ ಕೋಡ್ ಯಾವ ಖಾತೆಗೆ ಜೋಡಣೆಯಾಗಿದೆ ನೋಡಿ. ಬಹಳ ಕಡೆ ಮಾಲೀಕರ ಅಥವಾ ಮಗನ ಉಳಿತಾಯ ಖಾತೆಗೆ. ಅಲ್ಲಿ 3 ಲಕ್ಷ ಹದಿನೈದು ದಿನ ಮಲಗಿರುತ್ತದೆ, ಇಲ್ಲಿ ಅದೇ 3 ಲಕ್ಷಕ್ಕೆ 1,233 ರೂಪಾಯಿ ಬಡ್ಡಿ ಓಡುತ್ತಿರುತ್ತದೆ. ಕ್ಯುಆರ್ ಅನ್ನು ಸಿಸಿ ಖಾತೆಗೇ ಜೋಡಿಸಿಕೊಡಿ ಅಂತ ಬ್ಯಾಂಕಿನಲ್ಲಿ ಕೇಳಿ. ಬಡ್ಡಿ ಉಳಿಯುವುದು ಒಂದು ಲಾಭ. ಖಾತೆಯಲ್ಲಿ ವಹಿವಾಟು ಕಾಣುವುದರಿಂದ ಮುಂದಿನ ವರ್ಷ ಲಿಮಿಟ್ ಏರಿಸುವಾಗ ಮಾತಾಡಲು ಬಲ ಬರುವುದು ಇನ್ನೊಂದು.

ಸಪ್ಲೈಯರ್‌ಗೆ 30 ದಿನದ ಉದ್ರಿ ಇದ್ದರೆ ಹತ್ತನೇ ದಿನವೇ ಕೊಡಬೇಕಾಗಿಲ್ಲ. ಬೇಗ ಕೊಟ್ಟರೆ ಶೇ 2 ಕಡಿತ ಕೊಡುತ್ತಾನೆ ಅಂದರೆ ಮಾತ್ರ ಕೊಡಿ. 20 ದಿನ ಮೊದಲೇ ಕೊಟ್ಟದ್ದಕ್ಕೆ ಶೇ 10ರ ಸಿಸಿಯಲ್ಲಿ ಬೀಳುವ ಬಡ್ಡಿ ನೂರಕ್ಕೆ 55 ಪೈಸೆ. ಎರಡು ರೂಪಾಯಿ ಬಿಟ್ಟುಬಿಡಬೇಡಿ.

ಹೆಜ್ಜೆ 8: ಸಿಸಿ ಹಣದಲ್ಲಿ ಸೈಟ್ ತಗೋಬೇಡಿ

ನಾನು ನೋಡಿದ ಮುಳುಗಿದ ಅಂಗಡಿಗಳಲ್ಲಿ ವ್ಯಾಪಾರವೇ ಕೆಟ್ಟದ್ದು ಕಡಿಮೆ. ಲಿಮಿಟ್‌ನಲ್ಲಿ 12 ಲಕ್ಷ ಖಾಲಿ ಇರುತ್ತದೆ. ರಿಂಗ್ ರೋಡಿನಲ್ಲಿ ಒಳ್ಳೆ ಸೈಟ್ ಬರುತ್ತದೆ. "ಈಗ ಹಾಕಿಬಿಡೋಣ, ಆಮೇಲೆ ತುಂಬಿದರಾಯ್ತು." ಮಗಳ ಮದುವೆಗೂ ಇದೇ ಮಾತು. ಹಾಕಿದ ದಿನದಿಂದ ಆ 12 ಲಕ್ಷ ವಾಪಸ್ ಬರುವ ದಾರಿಯೇ ಇಲ್ಲ, ಯಾಕೆಂದರೆ ಸೈಟ್ ದಿನಾ ಮಾರಾಟವಾಗುವ ಸರಕಲ್ಲ. ಸರಕಿಗೆ ಹಣ ಸಾಲದೆ ರ‍್ಯಾಕ್ ಖಾಲಿ, ಮಾರಾಟ ಕಡಿಮೆ, ಡಿಪಿ ಇಳಿಕೆ. ಬಾಕಿ ಡಿಪಿಗಿಂತ ಮೇಲೆ ಹೋಗಿ ಚೆಕ್ ವಾಪಸ್. ಚೆಕ್ ವಾಪಸ್ ಆದ ಸುದ್ದಿ ಮಾರ್ಕೆಟ್ಟಿನಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ. ಆಮೇಲೆ ಸಪ್ಲೈಯರ್ ಉದ್ರಿಯೂ ನಿಲ್ಲುತ್ತದೆ.

ಅಂಗಡಿ ಇಂಟೀರಿಯರ್, ಮಷೀನು, ಗಾಡಿ, ಕಟ್ಟಡ, ಇವಕ್ಕೆ ಟರ್ಮ್ ಲೋನ್, ಅಂದರೆ ಕಂತಿನ ಸಾಲ, ತಗೊಳ್ಳಿ. ಬಡ್ಡಿ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಈಗಾಗಲೇ ಹಾಕಿಬಿಟ್ಟಿದ್ದರೆ ಮುಚ್ಚಿಡದೆ ಮ್ಯಾನೇಜರ್ ಹತ್ತಿರ ಮಾತಾಡಿ, ಆ ಭಾಗವನ್ನು ಕಂತಿನ ಸಾಲವಾಗಿ ಬೇರೆ ಮಾಡಲು ಆಗುತ್ತದಾ ಕೇಳಿ. ಖಾತೆ ಚೆನ್ನಾಗಿರುವಾಗ ಕೇಳಿದರೆ ದಾರಿ ಇರುತ್ತದೆ.

ನಿಮ್ಮ ಖಾತೆ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯಲು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳ ಅತಿ ಕಡಿಮೆ ಬಾಕಿಯನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. 9 ಲಕ್ಷ, 14 ಲಕ್ಷ, 6 ಲಕ್ಷ ಅಂತ ಏರಿಳಿದರೆ ಖುಷಿಪಡಿ. 24, 25, 26, 27 ಅಂತ ಹತ್ತುತ್ತಾ ಇದ್ದರೆ ಎಷ್ಟೇ ಲಾಭ ತೋರಿಸಿದರೂ ಹಣ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಹುಡುಕಿ.

ಹೆಜ್ಜೆ 9: 90 ದಿನದ ಗೆರೆ

ಸಿಸಿ, ಓಡಿಯಲ್ಲಿ ಕಂತು ಇಲ್ಲದ್ದರಿಂದ "ನಾನು ಯಾವ ಕಂತೂ ತಪ್ಪಿಸಿಲ್ಲ" ಅಂತ ಸಮಾಧಾನದಲ್ಲಿ ಇರುತ್ತಾರೆ. ಆದರೆ ಮೂರು ದಾರಿಯಲ್ಲಿ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗಬಹುದು. ಬಾಕಿ 90 ದಿನ ಬಿಡದೆ ಲಿಮಿಟ್ ಅಥವಾ ಡಿಪಿಗಿಂತ ಮೇಲೆ ಇದ್ದರೆ. ಲಿಮಿಟ್ ಒಳಗೇ ಇದ್ದರೂ 90 ದಿನ ಒಂದೂ ಜಮಾ ಇಲ್ಲದಿದ್ದರೆ. ಜಮಾ ಇದ್ದರೂ ಆ ಅವಧಿಯ ಬಡ್ಡಿಗೆ ಸಾಕಾಗದಷ್ಟು ಕಡಿಮೆ ಇದ್ದರೆ. ಎರಡನೆಯದಕ್ಕೆ ಸಿಕ್ಕಿಬೀಳುವವರು ಪಾಪದವರು, ಖಾತೆ ಬಳಸದೆ ಸುಮ್ನೆ ಬಿಟ್ಟವರು.

ಲಿಮಿಟ್ ಪ್ರತಿ ವರ್ಷ ರಿನ್ಯೂ ಆಗಬೇಕು. ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಕಾಗದ ಕೊಡಿ. ಬೇರೆ ಬ್ಯಾಂಕಿಗೆ ಹೋಗುವ ಯೋಚನೆ ಇದ್ದರೆ ರಿನ್ಯೂ ಮಾಡುವುದಿಲ್ಲ ಅಂತ ಒಪ್ಪಂದದಲ್ಲಿ ಹೇಳಿದ ಸಮಯಕ್ಕೆ ಮೊದಲೇ ಬರೆದು ಕೊಡಿ. 2026ರ ಜನವರಿ 1ರಂದು ಅಥವಾ ನಂತರ ಮಂಜೂರಾದ ಅಥವಾ ರಿನ್ಯೂ ಆದ ಸಾಲಕ್ಕೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಹೀಗೆ ತಿಳಿಸಿ ಅವಧಿ ಮುಗಿದ ದಿನ ಖಾತೆ ಮುಚ್ಚಿದರೆ ಸಿಸಿ, ಓಡಿಗೆ ಪೂರ್ವಪಾವತಿ ಶುಲ್ಕ ಇಲ್ಲ.

ರೈತರಿಗೆ ಎರಡು ಮಾತು

ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಲಿಮಿಟ್ ಅನ್ನು ಬೆಳೆಗೆ ಎಕರೆಗೆ ಇಷ್ಟು ಅನ್ನುವ ಸಾಲದ ಪ್ರಮಾಣದ ಮೇಲೆ ಕಟ್ಟುತ್ತಾರೆ. ಮನೆ ಖರ್ಚಿಗೆ ಶೇ 10, ಸಾಮಾನು ಸರಂಜಾಮಿನ ರಿಪೇರಿಗೆ ಶೇ 20 ಸೇರುತ್ತದೆ. ಬ್ಯಾಂಕಿನಲ್ಲಿ ಶೇ 7ರ ದರ, ಸಮಯಕ್ಕೆ ಕಟ್ಟಿದರೆ ಶೇ 3 ವಾಪಸ್, ಕೊನೆಗೆ ಶೇ 4. 3 ಲಕ್ಷದವರೆಗೆ ಇದು ನಡೆದುಬಂದ ಲೆಕ್ಕ. ಕರ್ನಾಟಕದ ಸಹಕಾರ ಸಂಘಗಳಲ್ಲಿ 2023ರ ರಾಜ್ಯ ಬಜೆಟ್‌ನಿಂದ 5 ಲಕ್ಷದವರೆಗಿನ ಅಲ್ಪಾವಧಿ ಸಾಲಕ್ಕೆ ಬಡ್ಡಿಯೇ ಇಲ್ಲ, ಸಮಯಕ್ಕೆ ಕಟ್ಟಿದರೆ. ಆ ಕೊನೆಯ ಎರಡು ಶಬ್ದವನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಒಂದು ವಾರ ತಡವಾದರೂ ರಿಯಾಯಿತಿ ಕೈತಪ್ಪಬಹುದು. ದಿನ ನೋಡಿ ಕಟ್ಟಿ, ಮತ್ತೆ ತಗೊಳ್ಳಿ.

ಮುಚ್ಚುವಾಗ

ಕ್ರೆಡಿಟ್ ಕಾರ್ಡ್ ಕತ್ತರಿಸಿ ಬಿಸಾಡಿದರೆ ಖಾತೆ ಮುಚ್ಚುವುದಿಲ್ಲ. ಬಾಕಿ ಸೊನ್ನೆ ಮಾಡಿ, ಮುಚ್ಚಿ ಅಂತ ಇಮೇಲ್ ಅಥವಾ ಆ್ಯಪ್ ಮೂಲಕ ದಾಖಲೆ ಇರುವ ಹಾಗೆ ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಬಾಕಿ ಇಲ್ಲದೆಯೂ ತಡ ಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ನೀವು ಕೇಳದ ಕಾರ್ಡ್ ಮನೆಗೆ ಬಂದು ಬಿಲ್ ಹಾಕಿದರೆ, ಆ ಬಿಲ್ ರದ್ದು ಮಾಡಿ ಅದರ ಎರಡು ಪಟ್ಟು ದಂಡ ಕೊಡಬೇಕು. 1958ರಲ್ಲಿ ಅಮೆರಿಕದ ಫ್ರೆಸ್ನೋ ಊರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಯಾರೂ ಕೇಳದಿದ್ದರೂ 60,000 ಜನಕ್ಕೆ ಅಂಚೆಯಲ್ಲಿ ಕಾರ್ಡ್ ಹಂಚಿತ್ತು. ಆ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಶುಲ್ಕ ಇಲ್ಲ.

ಸಿಸಿ ಮುಚ್ಚಿದರೆ ಬಾಕಿ ಇಲ್ಲ ಅನ್ನುವ ಪತ್ರ, ಆಸ್ತಿಯ ಮೂಲ ಪತ್ರ, ಬಳಸದೇ ಉಳಿದ ಚೆಕ್ ಹಾಳೆಗಳ ಲೆಕ್ಕ, ಎಲ್ಲ ಒಂದೇ ದಿನ ಮುಗಿಸಿಕೊಳ್ಳಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆಯನ್ನೂ ಮಾಡಿಸಿ, ಇಲ್ಲದಿದ್ದರೆ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ವರ್ಷಗಟ್ಟಲೆ ಕಾಣುತ್ತಾ ಇರುತ್ತದೆ. ಹೊಲದ ಮೇಲಿನ ಸಾಲವಾದರೆ ಪಹಣಿಯ 11ನೇ ಕಾಲಂ ನೋಡಿ. ತೀರಿದ ಸಾಲದ ಬೋಜಾ ಅಲ್ಲೇ ಉಳಿದಿದ್ದರೆ ಬ್ಯಾಂಕಿನ ಪತ್ರ ಹಿಡಿದು ಹೋಗಿ ತೆಗೆಸಿ, ಹೊಸ ಪಹಣಿ ಪ್ರತಿ ತಗೊಂಡು ಮೇಲೆ ತಾರೀಖು ನೋಡಿ ಫೈಲಿಗೆ ಹಾಕಿ.